ಬಂಪರ್ ಕೊಯ್ದ ಜೀಪು

ನಿನ್ನೆ ಮನೆ ಬದಲಾಯಿಸುವಾಗ ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಹಿಡಿಕೆ ಬಿಚ್ಚಿದ ಮೇಲೆ ನುಸುಳಿತು, ಎರಡು ಬೆರಳಿನಷ್ಟು ಜಾಗ ಅಷ್ಟೇ! ಆಗ ನೆನಪಾದದ್ದು 1944ರ ಬ್ರಿಟಿಷ್ ಸೇನೆಯ ಜೀಪುಗಳು. ಅವನ್ನು ಹೋರ್ಸಾ ಎಂಬ ಗ್ಲೈಡರ್ ವಿಮಾನದ ಪಕ್ಕದ ಬಾಗಿಲಿಗೆ ಹಲಗೆ ಕೊಟ್ಟು ಹತ್ತಿಸಿ, ಒಳಗೆ ತಿರುಗಿಸಬೇಕು. ಅದಕ್ಕೇ ಮುಂದಿನ ಬಂಪರಿನ ತುದಿಗಳನ್ನು ಕೊಯ್ದರು, ಪಕ್ಕದ ಹಿಡಿಗಳನ್ನು ಕಿತ್ತರು, ಸ್ಟೀರಿಂಗ್ ಥಟ್ಟನೆ ಬಿಚ್ಚಿಕೊಳ್ಳುವ ಹಾಗೆ ಮಾಡಿದರು, ಸ್ಟೆಪ್ನಿ ಮುಂದಕ್ಕೆ ಬಂತು. ಗ್ಲೈಡರೋ, ಎಂಜಿನ್ನೇ ಇಲ್ಲದ್ದು, ಬಹುಪಾಲು ಮರ, ಪ್ಲೈವುಡ್. ಅಮೆರಿಕದವರ ವಾಕೋ ಗ್ಲೈಡರ್ ಇನ್ನೂ ಮಜಾ: ಜೀಪಿಗೇ ಹಗ್ಗ ಕಟ್ಟಿರುತ್ತಿದ್ದರು, ಅದು ಮುಂದೆ ಸರಿದ ಹಾಗೆ ಗ್ಲೈಡರಿನ ಮೂತಿಯೇ ಬಾಗಿಲಿನಂತೆ ಮೇಲೇಳುತ್ತಿತ್ತು. ನಮ್ಮ ಬೀರುವಿನ ಹಿಡಿಕೆಯ ಸ್ಕ್ರೂ ಎಲ್ಲಿಟ್ಟೆನೋ, ಇನ್ನೂ ಸಿಕ್ಕಿಲ್ಲ.