ಔಷಧಿ ಅಂಗಡಿಯ ಹಾಡು ಬರೆದ ಹುಡುಗಿ

ನಾನು ಕೆಲಸ ಮಾಡುವುದು ಔಷಧಿ ಅಂಗಡಿಯಲ್ಲಿ. ಅಮೆರಿಕದ ನಾರ್ತ್ ಕ್ಯಾರೊಲೈನಾದ ಡರ್ಹಮ್‌ನಲ್ಲಿ 14 ವರ್ಷದಿಂದ ಮಾತ್ರೆ ಎಣಿಸಿ ಡಬ್ಬಿಗೆ ತುಂಬುತ್ತಿದ್ದೇನೆ. ಹೋದ ವರ್ಷ ಒಂದು ಸಂಜೆ, ಪ್ರತಿ ತಿಂಗಳು ಬಿಪಿ ಮಾತ್ರೆಗೆ ಬರುವ ಅಜ್ಜ ಒಬ್ಬರು ಕೌಂಟರ್ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಾ ಕಾಯುತ್ತಿದ್ದರು. ಯಾವ ಹಾಡು ಅಂತ ಸುಮ್ನೆ ಕೇಳಿದೆ. "ನಿಮ್ಮ ಅಂಗಡಿದೇ ಹಾಡು" ಅಂದರು. ನನಗೆ ಅರ್ಥವಾಗಲಿಲ್ಲ. ರಸೀದಿಯ ಹಿಂದೆ ಬರೆದುಕೊಟ್ಟರು: ಜಾನಿಸ್ ಮಾರ್ಟಿನ್, 'ಡ್ರಗ್‌ಸ್ಟೋರ್ ರಾಕ್ ಎನ್ ರೋಲ್'.

ಡ್ಯೂಟಿ ಮುಗಿಸಿ ಕಾರಿನಲ್ಲಿ ಕೂತು ಮೊಬೈಲಿನಲ್ಲಿ ಹಾಕಿದೆ. ಎರಡು ನಿಮಿಷದ ಹಾಡು. ಮುಗಿದ ಕೂಡಲೇ ಮತ್ತೆ ಹಾಕಿದೆ. ಐದು ಸಲ ಕೇಳಿದ ಮೇಲೆ ಮನೆಗೆ ಹೊರಟೆ.

ಹಾಡಿನಲ್ಲಿ ಇರುವುದು ದೊಡ್ಡ ವಿಷಯವೇನಲ್ಲ. ಆಗ ಅಮೆರಿಕದ ಔಷಧಿ ಅಂಗಡಿಗಳಲ್ಲಿ ಒಂದು ಕಡೆ ಔಷಧಿ, ಇನ್ನೊಂದು ಕಡೆ ಉದ್ದನೆಯ ಕಟ್ಟೆ. ಅಲ್ಲಿ ಸೋಡಾ, ಐಸ್‌ಕ್ರೀಮ್, ಮಿಲ್ಕ್‌ಶೇಕ್. ತಿರುಗುವ ಸ್ಟೂಲುಗಳು, ಮೂಲೆಯಲ್ಲಿ ಕಾಸು ಹಾಕಿದರೆ ಹಾಡುವ ಪೆಟ್ಟಿಗೆ. ಶಾಲೆ ಬಿಟ್ಟ ಮೇಲೆ ಹುಡುಗ ಹುಡುಗಿಯರೆಲ್ಲ ಅಲ್ಲೇ ಸೇರುತ್ತಿದ್ದರು. ನಮ್ಮ ಕಾಲೇಜಿನ ಹತ್ತಿರ ಅಯ್ಯಂಗಾರ್ ಬೇಕರಿ ಇತ್ತಲ್ವಾ, ಹಾಗೆ. ಜಾನಿಸ್ ತಾನು ದಿನಾ ನೋಡಿದ್ದನ್ನೇ ಹಾಡು ಮಾಡಿದಳು. ಆಗ ಅವಳಿಗೆ ಬರೀ 15 ವರ್ಷ.

ಹುಟ್ಟಿದ್ದು 1940ರ ಮಾರ್ಚ್ 27, ವರ್ಜೀನಿಯಾದ ಸದರ್ಲಿನ್‌ನಲ್ಲಿ. ಹತ್ತಿರದ ದೊಡ್ಡ ಊರು ಡ್ಯಾನ್‌ವಿಲ್. ಚಿಕ್ಕ ವಯಸ್ಸಿನಲ್ಲೇ ಗಿಟಾರ್ ಕಲಿತಳು. ಅಮ್ಮನಿಗೆ ಮಗಳು ಸ್ಟೇಜಿನ ಮೇಲೆ ಇರಬೇಕೆಂಬ ಆಸೆ ಬಹಳ. 11ಕ್ಕೆ ಡ್ಯಾನ್‌ವಿಲ್ ರೇಡಿಯೋ, 13ಕ್ಕೆ ರಿಚ್ಮಂಡ್‌ನ ಡಬ್ಲ್ಯುಆರ್‌ವಿಎ ಸ್ಟೇಷನ್ನಿನ 'ಓಲ್ಡ್ ಡೊಮಿನಿಯನ್ ಬಾರ್ನ್ ಡಾನ್ಸ್'. ಅದು ಆ ಕಡೆಯ ದೊಡ್ಡ ಕಂಟ್ರಿ ಸಂಗೀತದ, ಅಂದರೆ ಅಲ್ಲಿನ ಹಳ್ಳಿಗಾಡಿನ ಹಾಡುಗಳ ಕಾರ್ಯಕ್ರಮ. ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಹಾಡುಗಳನ್ನು ಹಾಡಿಕೊಂಡು ಬೆಳೆದ ಹುಡುಗಿಗೆ ಅಷ್ಟು ಹೊತ್ತಿಗೆ ನಿಧಾನದ ಅಳು ಹಾಡುಗಳು ಬೇಜಾರಾಗಿದ್ದವು. ರೂತ್ ಬ್ರೌನ್, ಲವರ್ನ್ ಬೇಕರ್ ಎಂಬ ಇಬ್ಬರು ಕಪ್ಪು ಗಾಯಕಿಯರ ರಿದಮ್ ಅಂಡ್ ಬ್ಲೂಸ್ ಅವಳ ತಲೆಗೆ ಹತ್ತಿತ್ತು. ರೂತ್ ಬ್ರೌನ್ ಕೂಡ ವರ್ಜೀನಿಯಾದವರೇ, ಪೋರ್ಟ್ಸ್‌ಮತ್ ಊರಿನವರು. ಆದರೆ ಜಾನಿಸ್ ಬಿಳಿಯಳು, ಆ ಕಾಲದ ವರ್ಜೀನಿಯಾದಲ್ಲಿ ಇಬ್ಬರಿಗೂ ಒಂದೇ ಶಾಲೆಗೆ ಹೋಗುವ ಹಾಗಿರಲಿಲ್ಲ. ಹಾಡು ಮಾತ್ರ ರೇಡಿಯೋದಲ್ಲಿ ಗೋಡೆ ದಾಟಿ ಬರುತ್ತಿತ್ತು.

ಜಾನಿಸ್ ಹಾಡಿದ ರಾಕಬಿಲಿ ಎಂಬ ಸಂಗೀತ ಹುಟ್ಟಿದ್ದೇ ಹೀಗೆ. ಹಿಲ್‌ಬಿಲಿ ಅಂದರೆ ಗುಡ್ಡಗಾಡಿನ ಹಳ್ಳಿಯವರನ್ನು ಹಂಗಿಸುವ ಮಾತು. ಅವರ ಕಂಟ್ರಿ ಹಾಡಿಗೆ ಕಪ್ಪು ಜನರ ಬ್ಲೂಸ್ ಲಯ ಕೂಡಿ ರಾಕಬಿಲಿ ಆಯಿತು. ಆಳೆತ್ತರದ ಬೇಸ್ ವಾದ್ಯದ ತಂತಿಯನ್ನು ಎಳೆದು ಬಿಡುತ್ತಾರೆ, ಅದು ಮರಕ್ಕೆ ಬಡಿದು ಟಕ್ ಟಕ್ ಅನ್ನುತ್ತದೆ. ಆ ಸದ್ದು ಕೇಳಿದರೆ ಕಾಲು ಸುಮ್ಮನಿರುವುದಿಲ್ಲ.

ಆ ರೇಡಿಯೋ ಸ್ಟೇಷನ್ನಿನ ಇಬ್ಬರು ಅನೌನ್ಸರ್‌ಗಳು 'ವಿಲ್ ಯು, ವಿಲ್ಯಮ್' ಅಂತ ಒಂದು ಹಾಡು ಬರೆದಿದ್ದರು. ಮಾದರಿಗೆ ಇವಳ ಕೈಯಲ್ಲಿ ಹಾಡಿಸಿ ನ್ಯೂಯಾರ್ಕಿಗೆ ಕಳಿಸಿದರು. ಆರ್‌ಸಿಎ ಎಂಬ ರೆಕಾರ್ಡ್ ಕಂಪನಿಯ ಸ್ಟೀವ್ ಶೋಲ್ಸ್ ಹಾಡನ್ನೂ ಹಿಡಿದುಕೊಂಡರು, ಹುಡುಗಿಯನ್ನೂ ಹಿಡಿದುಕೊಂಡರು. ಕೆಲವೇ ತಿಂಗಳ ಹಿಂದೆ ಎಲ್ವಿಸ್ ಪ್ರೀಸ್ಲಿಯನ್ನು ಆರ್‌ಸಿಎಗೆ ತಂದಿದ್ದವರೂ ಅವರೇ. 1956ರ ಮಾರ್ಚ್ 8ರಂದು ನ್ಯಾಶ್‌ವಿಲ್‌ನಲ್ಲಿ ರೆಕಾರ್ಡಿಂಗ್. ಅವಳಿಗೆ ಹದಿನಾರು ತುಂಬಲು ಇನ್ನೂ 19 ದಿನ. ತಟ್ಟೆಯ ಒಂದು ಬದಿಗೆ ಅನೌನ್ಸರ್‌ಗಳ ಹಾಡು, ಇನ್ನೊಂದು ಬದಿಗೆ ಅವಳೇ ಬರೆದ ಡ್ರಗ್‌ಸ್ಟೋರ್ ಹಾಡು.

ಆ ರೆಕಾರ್ಡ್ ಈಗ ನನ್ನ ಹತ್ತಿರ ಇದೆ. ಇಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ರಟ್ಟಿನ ಪೆಟ್ಟಿಗೆ ಕೆದಕಿ ಹುಡುಕಿದ್ದು. ಅಂಗೈಗಿಂತ ಸ್ವಲ್ಪ ದೊಡ್ಡದು, ನಡುವೆ ರೂಪಾಯಿ ನಾಣ್ಯಕ್ಕಿಂತ ಅಗಲದ ತೂತು. ಅದಕ್ಕೆ ಪ್ಲಾಸ್ಟಿಕ್ ಬಿಲ್ಲೆ ಕೂರಿಸದಿದ್ದರೆ ಪ್ಲೇಯರ್ ಮೇಲೆ ನಿಲ್ಲುವುದಿಲ್ಲ. ಕಪ್ಪು ಲೇಬಲ್, ಅದರ ಮೇಲೆ ಗ್ರಾಮಫೋನ್ ಮುಂದೆ ಕೂತ ನಾಯಿ. ತಿಪಟೂರಿನ ಮನೆಯಲ್ಲಿ ಅಪ್ಪನ ಎಚ್‌ಎಂವಿ ರೆಕಾರ್ಡುಗಳ ಮೇಲಿದ್ದ ಅದೇ ನಾಯಿ! ಹಾಡಿನ ಹೆಸರಿನ ಕೆಳಗೆ ಬರೆದವರ ಹೆಸರು: ಜಾನಿಸ್ ಮಾರ್ಟಿನ್. ಹಾಡಿದವರ ಹೆಸರೂ ಅದೇ. 1956ರಲ್ಲಿ, ಹೈಸ್ಕೂಲು ಹುಡುಗಿಯೊಬ್ಬಳ ಹೆಸರು ಆ ಎರಡೂ ಜಾಗದಲ್ಲಿ. ಅದನ್ನು ಎಷ್ಟು ಸಲ ಬೆರಳಲ್ಲಿ ಸವರಿದ್ದೇನೋ.

ರೆಕಾರ್ಡ್ ಏಳೂವರೆ ಲಕ್ಷ ಪ್ರತಿ ಮಾರಾಟವಾಯಿತು. ಆರ್‌ಸಿಎ ಅವಳನ್ನು 'ಹೆಣ್ಣು ಎಲ್ವಿಸ್' ಅಂತ ಪ್ರಚಾರ ಮಾಡಿತು. 'ಮೈ ಬಾಯ್ ಎಲ್ವಿಸ್' ಅಂತ ಒಂದು ಹಾಡನ್ನೂ ಹಾಡಿಸಿತು. ನನಗೆ ಈ ಹೆಸರು ಇಷ್ಟವಿಲ್ಲ. ಅವಳು ಎಲ್ವಿಸ್‌ನನ್ನು ನೋಡಿ ಹಾಡಲು ಕಲಿತವಳಲ್ಲ. ಅವನಿಗೂ ಇವಳಿಗೂ ನೀರು ಬಂದದ್ದು ಒಂದೇ ಬಾವಿಯಿಂದ, ಅಷ್ಟೇ. ಒಂದು ಸಂಗತಿ ಮಾತ್ರ ನೆನೆದಾಗಲೆಲ್ಲ ಖುಷಿ ಕೊಡುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಇಬ್ಬರ ಹಾಡುಗಳನ್ನೂ ಸೇರಿಸಿ ಒಂದು ಎಲ್‌ಪಿ ತಂದರು. ಅದರ ಹೆಸರು 'ಜಾನಿಸ್ ಅಂಡ್ ಎಲ್ವಿಸ್'. ಮೊದಲು ಅವಳ ಹೆಸರು! ಅದನ್ನು ಬೇಗನೇ ವಾಪಸ್ ತೆಗೆದುಕೊಂಡರು. ಸಂಗ್ರಹಕಾರರು ಇವತ್ತು ಅದಕ್ಕೆ ಸುರಿಯುವ ದುಡ್ಡು ಕೇಳಿದರೆ ತಲೆ ತಿರುಗುತ್ತದೆ.

ಆರ್‌ಸಿಎಗೆ ಒಂದು ವಿಷಯ ಗೊತ್ತಿರಲಿಲ್ಲ. ಅವಳಿಗೆ ಆಗಲೇ ಮದುವೆಯಾಗಿತ್ತು. 15ಕ್ಕೇ ಗುಟ್ಟಾಗಿ, ಸೈನ್ಯದಲ್ಲಿದ್ದ ಹುಡುಗನ ಜೊತೆ. ಅವನಿಗೆ ಜರ್ಮನಿಗೆ ಪೋಸ್ಟಿಂಗ್ ಆಯಿತು. 1957ರಲ್ಲಿ ಅಮೆರಿಕದ ಸೈನಿಕರಿಗೆ ಹಾಡಲು ಅವಳು ಯುರೋಪಿಗೆ ಹೋದಾಗ ಗಂಡ ಹೆಂಡತಿ ಭೇಟಿಯಾದರು. ವಾಪಸ್ ಬಂದಾಗ ಹೊಟ್ಟೆಯಲ್ಲಿ ಮಗು. ಕಂಪನಿ ಜಾಹೀರಾತು ಮಾಡಿದ್ದು ಕುದುರೆಬಾಲ ಕಟ್ಟಿದ ಶಾಲಾ ಹುಡುಗಿಯನ್ನು. ಬಸುರಿಯನ್ನು ಹೇಗೆ ತೋರಿಸುವುದು? 1958ರಲ್ಲಿ ಕೈಬಿಟ್ಟರು. ಅವಳಿಗೆ ಆಗ 18.

ಅದೇ 1958ರ ಮಾರ್ಚ್‌ನಲ್ಲಿ ಎಲ್ವಿಸ್ ಸೈನ್ಯಕ್ಕೆ ಸೇರಿದ. ಎರಡು ವರ್ಷ ಇರಲಿಲ್ಲ. ಅವನು ಮೊದಲೇ ಹಾಡಿಟ್ಟ ಹಾಡುಗಳನ್ನು ಅದೇ ಆರ್‌ಸಿಎ ಒಂದೊಂದಾಗಿ ಬಿಡುತ್ತಾ ಜನ ಮರೆಯದ ಹಾಗೆ ನೋಡಿಕೊಂಡಿತು. ಅವನಿಗೆ ಕಾದರು, ಇವಳಿಗೆ ಕಾಯಲಿಲ್ಲ. ಇದನ್ನು ಮೊದಲ ಸಲ ಯೋಚಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದನಿ ಕೆಟ್ಟಿರಲಿಲ್ಲ. ಕೇಳುವವರು ಬೇಡ ಅಂದಿರಲಿಲ್ಲ. ಮಗು ಹುಟ್ಟಿತು, ಅಷ್ಟೇ.

1960ರ ಸುಮಾರಿಗೆ ಜಾನಿಸ್ ಬೆಲ್ಜಿಯಂ ಮೂಲದ ಪ್ಯಾಲೆಟ್ ಕಂಪನಿಗೆ ನಾಲ್ಕು ಹಾಡು ಹಾಡಿದರು. ಎರಡನೆಯ ಗಂಡನಿಗೆ ಅವರು ಊರೂರು ತಿರುಗಿ ಹಾಡುವುದು ಬೇಡವಾಗಿತ್ತು. ಆಮೇಲೆ ಎಷ್ಟೋ ವರ್ಷ ಡ್ಯಾನ್‌ವಿಲ್‌ನಲ್ಲಿ ಸಂಸಾರ, ಕೆಲಸ. ಎಪ್ಪತ್ತರ ದಶಕದಿಂದ ಯುರೋಪಿನಲ್ಲಿ ರಾಕಬಿಲಿ ಹುಚ್ಚು ಮತ್ತೆ ಎದ್ದಿತು. ಜರ್ಮನಿಯ ಬೇರ್ ಫ್ಯಾಮಿಲಿ ಕಂಪನಿ ಅವರ ಹಳೆಯ ಹಾಡುಗಳನ್ನೆಲ್ಲ ಮತ್ತೆ ಹೊರತಂದಿತು. ಅಲ್ಲಿಗೆ ಹೋಗಿ ಹಾಡಿದರೆ, ಅವರು ಮೊದಲು ಆ ಹಾಡುಗಳನ್ನು ಹಾಡಿದಾಗ ಹುಟ್ಟಿಯೂ ಇರದಿದ್ದ ಮಕ್ಕಳು ಮುಂದಿನ ಸಾಲಿನಲ್ಲಿ.

ಒಂದು ಭಾನುವಾರ ಡ್ಯಾನ್‌ವಿಲ್‌ಗೆ ಹೋಗಿಬಂದೆ. ನಮ್ಮಲ್ಲಿಂದ ಒಂದು ಗಂಟೆ ದಾರಿ. ಡರ್ಹಮ್ ಥರವೇ ಹೊಗೆಸೊಪ್ಪಿನ ಊರು. ಇಟ್ಟಿಗೆಯ ದೊಡ್ಡ ಗೋದಾಮುಗಳು, ನದಿ ದಂಡೆಯಲ್ಲಿ ಹಳೇ ಬಟ್ಟೆ ಗಿರಣಿ. 1903ರಲ್ಲಿ ಇಲ್ಲಿ ಸೇತುವೆಯಿಂದ ಬಿದ್ದ ಟಪಾಲು ರೈಲಿಗೆ ರಸ್ತೆ ಬದಿ ಫಲಕ ಇದೆ. ಆ ಅಪಘಾತದ ಮೇಲಿನ ಹಾಡು ಕಂಟ್ರಿ ಸಂಗೀತದ ಮೊದಲ ದೊಡ್ಡ ಹಿಟ್‌ಗಳಲ್ಲಿ ಒಂದು. ಫಲಕದ ಮುಂದೆ ಸ್ವಲ್ಪ ಹೊತ್ತು ನಿಂತು, ಕಾರಿನಲ್ಲಿ ಜಾನಿಸ್ ಹಾಡು ಹಾಕಿಕೊಂಡು ಊರೆಲ್ಲ ಸುತ್ತಿದೆ.

ರೋಸಿ ಫ್ಲೋರೆಸ್ ಅನ್ನುವ ಗಾಯಕಿಯ ಬಗ್ಗೆ ಹೇಳಲೇಬೇಕು. ಜಾನಿಸ್‌ಗಿಂತ ಹತ್ತು ವರ್ಷ ಚಿಕ್ಕವರು. 1995ರ ತಮ್ಮ ಆಲ್ಬಂನಲ್ಲಿ ಇವರನ್ನು ಕರೆಸಿ ಜೊತೆಗೆ ಹಾಡಿಸಿದರು. ಇವರದೇ ಒಂದು ಆಲ್ಬಂ ಆಗಬೇಕು ಅಂತ ಹಿಡಿದ ಹಟ ಬಿಡಲಿಲ್ಲ. 2007ರ ಏಪ್ರಿಲ್‌ನಲ್ಲಿ ಟೆಕ್ಸಾಸಿನ ಬ್ಲಾಂಕೊ ಎಂಬ ಪುಟ್ಟ ಊರಿನಲ್ಲಿ ರೆಕಾರ್ಡಿಂಗ್ ಆಯಿತು. ಆ ವರ್ಷದ ಜನವರಿಯಲ್ಲಷ್ಟೇ ಜಾನಿಸ್ ಅವರ ಮಗ ತೀರಿಕೊಂಡಿದ್ದರು. ಸೆಪ್ಟೆಂಬರ್ 3ರಂದು ಕ್ಯಾನ್ಸರಿನಿಂದ ಜಾನಿಸ್ ಹೋದರು. ಇದೇ ಡರ್ಹಮ್‌ನಲ್ಲಿ. ರೋಸಿ ಐದು ವರ್ಷ ಅಲೆದು, ಕೊನೆಗೆ ಕೇಳುಗರಿಂದಲೇ ದುಡ್ಡು ಕೂಡಿಸಿ, 2012ರಲ್ಲಿ 'ದ ಬ್ಲಾಂಕೊ ಸೆಷನ್ಸ್' ಹೊರತಂದರು.

ಹೋದ ವಾರ ಅಜ್ಜ ಮಾತ್ರೆಗೆ ಬಂದಿದ್ದರು. ಅವರಿಗೆ ಈ ಆಲ್ಬಂ ಇರುವುದೇ ಗೊತ್ತಿರಲಿಲ್ಲ. ಅದರಲ್ಲಿನ 'ವೈಲ್ಡ್ ಒನ್' ಹಾಡನ್ನು ಮೊಬೈಲಿನಲ್ಲಿ ಹಾಕಿ ಕೌಂಟರ್ ಮೇಲಿಟ್ಟೆ. ದನಿ ಆಗಿನದಕ್ಕಿಂತ ದಪ್ಪ, ಸಾಲಿನ ಕೊನೆಗೆ ಸ್ವಲ್ಪ ಒರಟು, ಆದರೆ ಒಂದು ಮಾತ್ರೆಯಷ್ಟೂ ತಾಳ ತಪ್ಪಿಲ್ಲ. ಅಜ್ಜನ ಬೆರಳು ಆಡಲೇ ಇಲ್ಲ. ತಲೆ ಬಗ್ಗಿಸಿ ಕಿವಿಯನ್ನು ಫೋನಿನ ಹತ್ತಿರ ತಂದರು.

"ಆಗ ಎಷ್ಟು ವಯಸ್ಸು ಅವಳಿಗೆ?"

"67."

"ಇನ್ನೊಂದ್ಸಲ ಹಾಕಮ್ಮ" ಅನ್ನುವ ಹಾಗೆ ಕೈ ಸನ್ನೆ ಮಾಡಿದರು. ಅವರ ಹಿಂದೆ ಮೂರು ಜನ ಸಾಲಿನಲ್ಲಿ ನಿಂತಿದ್ದರು. ಹಾಕಿದೆ.