ಬ್ಯಾಂಕಿನಿಂದ ಫೋನ್ ಬಂತಾ? ಮೊದಲು ಕಟ್ ಮಾಡಿ

"ಬ್ಯಾಂಕಿನವರು ಯಾವತ್ತೂ ಫೋನ್ ಮಾಡಲ್ಲ" ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಸಲಹೆ ಇದೆಯಲ್ಲ, ಅದನ್ನು ಮರೆತುಬಿಡಿ. ಬ್ಯಾಂಕಿನವರು ಫೋನ್ ಮಾಡುತ್ತಾರೆ. ಕ್ರೆಡಿಟ್ ಕಾರ್ಡ್ ಬೇಕಾ ಅಂತ ಮಾಡುತ್ತಾರೆ, ಪರ್ಸನಲ್ ಲೋನ್ ಬೇಕಾ ಅಂತ ಸರಿಯಾಗಿ ಊಟದ ಹೊತ್ತಿಗೇ ಮಾಡುತ್ತಾರೆ, ಎಫ್‌ಡಿ ಮುಗೀತು ರಿನ್ಯೂ ಮಾಡ್ತೀರಾ ಅಂತ ಬ್ರಾಂಚಿನವರು ತಮ್ಮ ಸ್ವಂತ ಮೊಬೈಲಿನಿಂದಲೇ ಮಾಡುತ್ತಾರೆ. ಅಸಲಿ ಬ್ಯಾಂಕೇ ನಮಗೆ ಇಷ್ಟು ರೂಢಿ ಮಾಡಿಸಿರುವಾಗ ಕಳ್ಳ ಫೋನ್ ಮಾಡಿದರೆ ಅನುಮಾನ ಎಲ್ಲಿಂದ ಬರಬೇಕು?

ಹಾಗಾಗಿ ನಾನು ಮನೆಯವರಿಗೆಲ್ಲ ಹೇಳುವುದು ಬೇರೆ. ಆ ಕಡೆ ಇರುವವನು ಅಸಲಿಯೋ ನಕಲಿಯೋ ಅಂತ ಪತ್ತೆ ಮಾಡಲು ಹೋಗಲೇಬೇಡಿ. ಯಾರೇ ಇರಲಿ, ಕಟ್ ಮಾಡಿ. ಕೆಲಸ ನಿಜವಾಗಿದ್ದರೆ ನೀವೇ ಬ್ಯಾಂಕಿಗೆ ಫೋನ್ ಮಾಡಿ ಮುಗಿಸಬಹುದು.

ಇದು ಕೇಳೋಕೆ ಸುಲಭ, ಮಾಡೋಕೆ ಕಷ್ಟ. ನಮ್ಮ ದೊಡ್ಡಮ್ಮ ನಿವೃತ್ತ ಟೀಚರ್. ನವೆಂಬರ್ ಬಂತು ಅಂದರೆ ಪಿಂಚಣಿದಾರರಿಗೆ ಬದುಕಿದ್ದೇವೆ ಅಂತ ತೋರಿಸುವ ಲೈಫ್ ಸರ್ಟಿಫಿಕೇಟ್ ಕೊಡುವ ಗಡಿಬಿಡಿ, ಅದು ಕಳ್ಳರಿಗೂ ಗೊತ್ತು. ಅವರಿಗೆ ಫೋನ್ ಬಂದಾಗ ನಾನು ಪಕ್ಕದಲ್ಲೇ ಇದ್ದೆ, ಸ್ಪೀಕರ್ ಆನ್ ಇತ್ತು. ಹಿಂದಿಯಲ್ಲ, ಹರಕು ಇಂಗ್ಲಿಷೂ ಅಲ್ಲ, ಅಚ್ಚುಕಟ್ಟಾದ ಕನ್ನಡ. "ನಮಸ್ಕಾರ ಮೇಡಂ, ಪೆನ್ಷನ್ ಸೆಕ್ಷನ್‌ನಿಂದ ಮಾತಾಡ್ತಿದೀನಿ. ನಿಮ್ಮ ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಆಗಿಲ್ಲ, ಇವತ್ತು ಸಂಜೆಯೊಳಗೆ ಆಗದಿದ್ರೆ ಮುಂದಿನ ತಿಂಗಳು ಪೆನ್ಷನ್ ನಿಂತುಹೋಗುತ್ತೆ." ಪೂರ್ತಿ ಹೆಸರು, ನಿವೃತ್ತಿಯಾದ ವರ್ಷ, ಬ್ರಾಂಚ್ ಎಲ್ಲ ಅವನೇ ಓದಿ ಹೇಳಿದ. ಆಮೇಲೆ ಒಂದು ಮಾತು ಹೇಳಿದ ನೋಡಿ, ಅಲ್ಲಿಗೆ ದೊಡ್ಡಮ್ಮ ಪೂರ್ತಿ ನಂಬಿಬಿಟ್ಟರು: "ಒಟಿಪಿ ಯಾರಿಗೂ ಹೇಳಬೇಡಿ ಮೇಡಂ, ನನಗೂ ಹೇಳಬೇಡಿ."

ಅವನಿಗೆ ಒಟಿಪಿ ಕೇಳುವ ಅಗತ್ಯವೇ ಇರಲಿಲ್ಲ. ಬ್ಯಾಂಕಿನ ಲೋಗೋ ಹಾಕಿಕೊಂಡ ನಂಬರಿನಿಂದ ವಾಟ್ಸಾಪ್‌ಗೆ ಒಂದು ಫೈಲ್ ಬಂದಿತ್ತು. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇತ್ತು. ಅಂದರೆ ಅದು ಫಾರಂ ಅಲ್ಲ, ಆ್ಯಪ್. ಇನ್‌ಸ್ಟಾಲ್ ಮಾಡಿ, ಅದು ಕೇಳುವ ಅನುಮತಿಗೆಲ್ಲ ಹೂಂ ಅಂತ ಒತ್ತಿದರೆ ನಮ್ಮ ಎಸ್‌ಎಂಎಸ್‌ಗಳನ್ನು ಅದು ಆ ಕಡೆಗೆ ಕಳಿಸುತ್ತಾ ಕೂರುತ್ತದೆ. ನೀವು ಬಾಯಿ ಬಿಡದಿದ್ದರೂ ಒಟಿಪಿ ಅವರ ಕೈಗೆ ಹೋಗುತ್ತದೆ. ನಮ್ಮ ಫೋನಿನ ಪರದೆ ಅವರಿಗೂ ಕಾಣುವ ಹಾಗೆ ಮಾಡುವ ಸ್ಕ್ರೀನ್ ಶೇರ್ ಆ್ಯಪ್ ಹಾಕಿಸುವುದೂ ಇದೇ ಥರದ ಆಟ. ಅಂಥ ಆ್ಯಪ್ ಬಗ್ಗೆ ಆರ್‌ಬಿಐ 2019ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು.

ಕಟ್ ಮಾಡಿ ದೊಡ್ಡಮ್ಮಾ ಅಂತ ನಾನು ಕೈಸನ್ನೆ ಮಾಡುತ್ತಿದ್ದರೆ ಅವರು ಫೋನಿಗೆ ಕೈ ಅಡ್ಡ ಹಿಡಿದು, "ಪಾಪ, ಇಷ್ಟು ಮರ್ಯಾದೆಯಿಂದ ಮಾತಾಡ್ತಿದ್ದಾನೆ ಕಣೋ, ಮಧ್ಯದಲ್ಲಿ ಹೇಗೆ ಇಡೋದು?" ಅಂದರು. ಕೊನೆಗೆ ನಾನೇ ಕಿತ್ತುಕೊಂಡು ಕಟ್ ಮಾಡಿದೆ. ತಕ್ಷಣ ಮತ್ತೆ ಮತ್ತೆ ಬಂತು. ಈ ಸಲ ಮೇಡಂ ಇಲ್ಲ, ನಮಸ್ಕಾರವೂ ಇಲ್ಲ, ಅಕೌಂಟ್ ಬ್ಲಾಕ್ ಮಾಡ್ತೀನಿ ಅನ್ನುವ ಗದರಿಕೆ. ಪಾಸ್‌ಬುಕ್ಕಿನಲ್ಲಿದ್ದ ಬ್ರಾಂಚ್ ನಂಬರಿಗೆ ಫೋನ್ ಮಾಡಿ ಕೇಳಿದರೆ ಸರ್ಟಿಫಿಕೇಟ್ ಆಗಲೇ ಸಲ್ಲಿಕೆಯಾಗಿತ್ತು.

ದುಡ್ಡು ಹೋದವರನ್ನು ದಡ್ಡರು ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಳ್ಳ ಬಂಡವಾಳ ಮಾಡಿಕೊಳ್ಳುವುದು ದಡ್ಡತನವನ್ನಲ್ಲ, ಸೌಜನ್ಯವನ್ನು. ಅದಕ್ಕೇ ಸೌಜನ್ಯ ಬಿಡದೆ ಕಟ್ ಮಾಡುವ ಒಂದು ವಾಕ್ಯ ದೊಡ್ಡಮ್ಮನಿಗೆ ಕಲಿಸಿದ್ದೇನೆ: "ಸರಿಯಪ್ಪ, ನಾಳೆ ಬ್ರಾಂಚಿಗೇ ಬರ್ತೀನಿ." ಇಷ್ಟು ಹೇಳಿ ಇಟ್ಟುಬಿಡುವುದು, ಉತ್ತರಕ್ಕೆ ಕಾಯುವುದೇ ಇಲ್ಲ.

ವಾಪಸ್ ಫೋನ್ ಮಾಡುವುದಾದರೆ ಯಾವ ನಂಬರಿಗೆ ಅನ್ನುವುದೂ ಮುಖ್ಯ. ಬಂದ ನಂಬರಿಗೇ ಮಾಡಬೇಡಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಅಂತ ಹುಡುಕಿ ಮೊದಲು ಸಿಕ್ಕಿದ್ದಕ್ಕೂ ಬೇಡ, ಅಲ್ಲೂ ಕಳ್ಳರು ತಮ್ಮ ನಂಬರ್ ಹಾಕಿಟ್ಟಿರುತ್ತಾರೆ. ಕಾರ್ಡಿನ ಹಿಂದೆ, ಪಾಸ್‌ಬುಕ್ಕಿನಲ್ಲಿ ಇರುವುದನ್ನು ಇವತ್ತೇ ಸೇವ್ ಮಾಡಿಕೊಳ್ಳಿ. ಟ್ರೂಕಾಲರ್‌ನಲ್ಲಿ ಬ್ಯಾಂಕಿನ ಹೆಸರು ಬಂದರೂ ನಂಬಬೇಡಿ. ಸೇವೆ ಮತ್ತು ವಹಿವಾಟಿನ ಕರೆಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನೇ ಬಳಸಿ ಅಂತ ಆರ್‌ಬಿಐ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಒಳ್ಳೆಯದೇ. ಆದರೆ 1600 ನೋಡಿ ಒಟಿಪಿ, ಪಿನ್ ಕೊಡುವಂತಿಲ್ಲ. ಮಾಮೂಲಿ ಮೊಬೈಲ್ ನಂಬರ್ ಕಂಡರೆ ಬೇಗ ಇಡೋಕೆ ಒಂದು ನೆಪ ಸಿಕ್ಕಿತು, ಅಷ್ಟೇ. ಹಾಂ, ದುಡ್ಡು ಪಡೆಯೋಕೆ ಯುಪಿಐ ಪಿನ್ ಬೇಕಾಗಿಲ್ಲ. ರೀಫಂಡ್ ಬರುತ್ತೆ ಪಿನ್ ಹಾಕಿ ಅಂದರೆ ಹೋಗುವುದು ನಿಮ್ಮ ದುಡ್ಡೇ.

ಹೋಗೇ ಹೋಯಿತು ಅಂದುಕೊಳ್ಳಿ. ಅಳುವುದು ಆಮೇಲೆ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಯುಪಿಐ ಆದರೆ 12 ಅಂಕಿಯ ರೆಫರೆನ್ಸ್ ನಂಬರ್, ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೋಯಿತು ಅನ್ನುವುದು ಕೈಯಲ್ಲಿರಲಿ. ಬೇಗ ಹೇಳಿದಷ್ಟೂ ಆ ದುಡ್ಡು ಬೇರೆ ಬೇರೆ ಖಾತೆಗೆ ಹಾರುವ ಮೊದಲೇ ತಡೆಹಿಡಿಯುವ ಅವಕಾಶ ಜಾಸ್ತಿ. ಆಮೇಲೆ ಬ್ಯಾಂಕಿಗೆ ತಿಳಿಸಿ ದೂರಿನ ನಂಬರ್ ಪಡೆಯಿರಿ. ನಮ್ಮ ಕರ್ನಾಟಕದ ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಅಂತ ಇದೆ, ಸೈಬರ್ ದೂರು ಅಲ್ಲಿ ಕೊಡಬಹುದು.

ಒಟಿಪಿ ನಾನೇ ಕೊಟ್ಟೆನಲ್ಲ, ಇನ್ನು ಯಾವ ಮುಖ ಇಟ್ಟುಕೊಂಡು ಹೇಳಲಿ ಅಂತ ಎಷ್ಟೋ ಜನ ಮಕ್ಕಳಿಗೂ ಹೇಳದೆ ಕೂರುತ್ತಾರೆ. ಆರ್‌ಬಿಐ 2017ರಲ್ಲಿ ಮಾಡಿದ ನಿಯಮದ ಪ್ರಕಾರ, ನಮ್ಮ ಅಜಾಗರೂಕತೆಯಿಂದ ಹೋಗಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ನಂತರ ಹೋದದ್ದು ಬ್ಯಾಂಕಿನದು. ನಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಬೇರೆಲ್ಲೋ ಸೋರಿಕೆಯಾಗಿ ಹೋಗಿದ್ದರೆ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಮ್ಮ ಮೇಲೆ ಹೊರೆಯೇ ಇಲ್ಲ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟದ್ದು ಸಮಾಧಾನ ತರದಿದ್ದರೆ ಬ್ಯಾಂಕಿನ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ.

ಇಷ್ಟೆಲ್ಲ ಆದಮೇಲೆ ಇನ್ನೊಂದು ಫೋನ್ ಬರಬಹುದು. ಸೈಬರ್ ಸೆಲ್‌ನಿಂದ ಮಾತಾಡ್ತಿದೀವಿ, ನಿಮ್ಮ ದುಡ್ಡು ಸಿಕ್ಕಿದೆ, ಸ್ವಲ್ಪ ಪ್ರೊಸೆಸಿಂಗ್ ಫೀಸ್ ಕಟ್ಟಿದರೆ ವಾಪಸ್ ಹಾಕ್ತೀವಿ ಅಂತ. ಅದನ್ನೂ ಕಟ್ ಮಾಡಿ.