ಮಾತ್ರೆ ತಗೊಂಡ್ರಾ? ಸ್ಪ್ರೆಡ್‌ಶೀಟ್ ಎಲ್ಲಿಗೆ ಬಂತು

ಎಚ್‌ಐವಿ ಅಧ್ಯಯನಗಳಲ್ಲಿ "ಒಂದೂ ಮಾತ್ರೆ ತಪ್ಪಿಸಿಲ್ಲ" ಅನ್ನುವ ಉತ್ತರವನ್ನು ಎಷ್ಟು ನಂಬಬಹುದು? ಅದಕ್ಕಾಗಿ ಮಾಡುತ್ತಿರುವ ಸ್ಪ್ರೆಡ್‌ಶೀಟ್ ಈಗ ಒಂದು ರೂಪಕ್ಕೆ ಬಂದಿದೆ. ರೋಗಿಗಳೆಲ್ಲ ಕಾಲ್ಪನಿಕ. ಮಾತ್ರೆ ನುಂಗಿದ ದಿನ 1, ಬಿಟ್ಟ ದಿನ 0. ಪಕ್ಕದ ಕಾಲಂಗಳಲ್ಲಿ ರೋಗಿಯ ಮಾತು, ಉಳಿದ ಮಾತ್ರೆಗಳ ಎಣಿಕೆ, ಡಬ್ಬಿ ತೆರೆದ ಸಮಯ ದಾಖಲಿಸುವ ಮುಚ್ಚಳ, ರಕ್ತದಲ್ಲಿರುವ ಔಷಧಿ.

ಈ ಸಲ ಜಾಸ್ತಿ ಹೊತ್ತು ಹಿಡಿದಿದ್ದು ರಕ್ತದ ಕಾಲಂ. ಟೆನೊಫೊವಿರ್ ಎಂಬ ಎಚ್‌ಐವಿ ಔಷಧಿ ಪ್ಲಾಸ್ಮಾದಲ್ಲಿ (ರಕ್ತದ ದ್ರವ ಭಾಗ) ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ. ಕೆಂಪು ರಕ್ತಕಣದೊಳಗೆ ಅದು ಬದಲಾಗಿ ಉಳಿಯುವ ರೂಪಕ್ಕೆ ಸುಮಾರು 17 ದಿನ! ತಪಾಸಣೆಗೆ ಮೂರು ದಿನ ಇದೆ ಎನ್ನುವಾಗ ಮಾತ್ರೆ ಶುರು ಮಾಡುವ ರೋಗಿಯೊಬ್ಬರನ್ನು ಹಾಕಿ ನೋಡಿದೆ. ಪ್ಲಾಸ್ಮಾದಲ್ಲಿ ಎಲ್ಲ ಸರಿಯಾಗೇ ಕಂಡಿತು. ಕೆಂಪು ರಕ್ತಕಣವೂ ಸೇರಿರುವ ಒಣ ರಕ್ತದ ಚುಕ್ಕೆಯ (ಕಾಗದದ ಮೇಲೆ ಒಣಗಿಸಿದ ರಕ್ತದ ಹನಿ) ಲೆಕ್ಕದಲ್ಲಿ ಮಾತ್ರ ಹಿಂದಿನ ವಾರಗಳ ಖಾಲಿ ಎದ್ದು ಕಂಡಿತು.

ಹೋಲಿಕೆಗೆ ವಾಯ್ಸ್ (VOICE) ಎಂಬ ನಿಜವಾದ ಅಧ್ಯಯನ ಇಟ್ಟುಕೊಂಡಿದ್ದೇನೆ. ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆಯ ಮಹಿಳೆಯರಲ್ಲಿ ನಡೆದದ್ದು, 2015ರಲ್ಲಿ ಪ್ರಕಟವಾಯಿತು. ಅವರ ಮಾತಿನ ಪ್ರಕಾರ ಬಳಕೆ 90%. ಪ್ಲಾಸ್ಮಾದಲ್ಲಿ ಔಷಧಿ ಸಿಕ್ಕಿದ್ದು 25ರಿಂದ 30% ಮಾದರಿಗಳಲ್ಲಿ. ಆದರೆ ಅದು ಸೋಂಕು ತಡೆಯುವ ಔಷಧಿಯ ಪರೀಕ್ಷೆ. ಅವರಿಗೆ ಕಾಯಿಲೆ ಇರಲಿಲ್ಲ. ಚಿಕಿತ್ಸೆಯಲ್ಲಿರುವವರಿಗೆ ಅದೇ ಅಂತರ ಅಂಟಿಸುವುದು ನ್ಯಾಯವಲ್ಲ, ಅದಕ್ಕೇ ಬೇರೆ ಹಾಳೆ.

ಮಾತಿನ ಕಾಲಂ ಬರೆಯುವಾಗ ಒಂದು ವಿಷಯ ಗಟ್ಟಿಯಾಯಿತು. "ಎರಡು ಸಲ ತಪ್ಪಿತು" ಎಂದವರನ್ನು ಬಹುಮಟ್ಟಿಗೆ ನಂಬಬಹುದು. ಸುಮ್ನೆ ಯಾರೂ ಹಾಗೆ ಹೇಳಿಕೊಳ್ಳುವುದಿಲ್ಲ ಅಲ್ವಾ? "ಇಲ್ಲವೇ ಇಲ್ಲ" ಎಂಬ ಉತ್ತರಕ್ಕೇ ಇನ್ನೊಂದು ಸಾಕ್ಷಿ ಬೇಕು. ಅದನ್ನು ಸುಳ್ಳು ಅಂತ ಕರೆಯಲು ನನಗೆ ಮನಸ್ಸಿಲ್ಲ. ದಿನವೂ ಒಂದೇ ಥರ ಮಾಡುವ ಕೆಲಸದಲ್ಲಿ ಬಿಟ್ಟುಹೋದ ದಿನ ನೆನಪಲ್ಲಿ ನಿಲ್ಲುವುದಿಲ್ಲ. ಬೈಸಿಕೊಳ್ಳುವ ಭಯವೂ ಇರುತ್ತದೆ. ಹಾಗಾಗಿ ಮರೆವು, ಸಂಕೋಚ ಎರಡಕ್ಕೂ ಬೇರೆ ಬೇರೆ ಅಂಕಿ ಕೊಟ್ಟಿದ್ದೇನೆ.

ಮುಚ್ಚಳವೂ ಪೂರ್ತಿ ನಂಬಿಕಸ್ಥವಲ್ಲ. ವಾರದ ಮಾತ್ರೆ ಒಟ್ಟಿಗೆ ತೆಗೆದು ಬೇರೆ ಡಬ್ಬಿಗೆ ಹಾಕಿಕೊಂಡವರನ್ನು ಅದು ಆರು ದಿನ ಮಾತ್ರೆ ಬಿಟ್ಟವರ ಲೆಕ್ಕಕ್ಕೆ ಸೇರಿಸುತ್ತದೆ.

ಮುಂದೆ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣದ ಕಾಲಂ. ವೈರಸ್ ಹತೋಟಿಯಲ್ಲಿರಲು 95% ಮಾತ್ರೆ ನುಂಗಿರಬೇಕು ಎಂದು ಎಲ್ಲರೂ ಹೇಳುವ ಗೆರೆ 2000ದ ಹೊತ್ತಿನ ಹಳೆಯ ಪ್ರೋಟಿಯೇಸ್ ತಡೆ ಔಷಧಿಗಳಿಂದ (ವೈರಸ್‌ನ ಒಂದು ಕಿಣ್ವವನ್ನು ತಡೆಯುವಂಥವು) ಬಂದದ್ದು. ಡೊಲುಟೆಗ್ರವಿರ್‌ನಂಥ ಹೊಸ ಎಚ್‌ಐವಿ ಔಷಧಿಗಳು ಒಂದೆರಡು ತಪ್ಪಿದ ಡೋಸ್ ತಾಳಿಕೊಳ್ಳುತ್ತವೆ. ಅದಕ್ಕೇ ಆ ಗೆರೆಯನ್ನು ಔಷಧಿಗೆ ತಕ್ಕಂತೆ ಬದಲಿಸುವ ಹಾಗೆ ಬಿಡುತ್ತಿದ್ದೇನೆ.